ಇರುವ ಸೈಕಲ್ ಸವಾರರನ್ನು ಮೊದಲು ಉಳಿಸಿಕೊಳ್ಳಿ

ಸಂಪಾದಕರಿಗೆ,

ಮಾನ್ಯರೇ,

ಜೂನ್ 3ರ ವಿಶ್ವ ಸೈಕಲ್ ದಿನದ ಜಾಥಾದ ಚಿತ್ರವನ್ನು ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನೋಡಿದೆ. ಚಿತ್ರದ ಎಡತುದಿಯಲ್ಲಿ, ಬಿಳಿ ಟೊಪ್ಪಿಗೆ ಹಾಕಿಕೊಂಡವರ ಹಿಂದೆ, ಪಂಪು ಹಿಡಿದು ಬಗ್ಗಿರುವ ಸೈಕಲ್ ಮಿಸ್ತ್ರಿ ನಾನು. ಮುಖ ಬಂದಿಲ್ಲ, ಬೆನ್ನು ಬಂದಿದೆ. ಅಂದು ಬೆಳಿಗ್ಗೆ ಆರು ಗಂಟೆಗೇ ಕರೆಸಿ ಎಂಬತ್ತರಷ್ಟು ಸೈಕಲ್‌ಗಳಿಗೆ ಹವಾ ಹೊಡೆಸಿದರು. ಅವುಗಳಲ್ಲಿ ಹೆಚ್ಚಿನವು ವರ್ಷವಿಡೀ ಮಾಳಿಗೆಯ ಮೇಲೋ ಮೆಟ್ಟಿಲ ಕೆಳಗೋ ಮಲಗಿದ್ದವು. ಚಕ್ರದ ಕಡ್ಡಿಗಳ ನಡುವೆ ಜೇಡ ಸಂಸಾರ ಹೂಡಿತ್ತು. ಹೋದ ವರ್ಷದ ಜೂನ್ 3ರಂದು ನಾನೇ ಹವಾ ಹೊಡೆದಿದ್ದ ನಾಲ್ಕೈದನ್ನು ಗುರುತು ಹಿಡಿದೆ. ಜಾಥಾ ನಮ್ಮ ವಿಜಯಪುರದ ಗಾಂಧಿ ಚೌಕ ಮುಟ್ಟಿತು, ಭಾಷಣವಾಯಿತು, ಉಪ್ಪಿಟ್ಟು-ಶಿರಾ ಆಯಿತು. ಆಮೇಲೆ ಕೆಲವು ಸೈಕಲ್‌ಗಳು ಟಂಟಂ ಆಟೋ ಏರಿ ಮನೆಗೆ ಮರಳಿದವು. ನನ್ನ ಕೂಲಿಯನ್ನು ಎಣಿಸಿ ಕೊಟ್ಟಿದ್ದಾರೆ, ಹಾಗಾಗಿ ಜಾಥಾವನ್ನು ದೂರಲಾರೆ. ಆದರೆ ಅದೇ ದಿನ ಸಂಜೆ ಅಂಗಡಿಯಲ್ಲಿ ನಡೆದದ್ದನ್ನು ಬರೆಯದೆ ಇರಲೂ ಆರೆ.

ಸಂಜೆ ಏಳರ ಸುಮಾರಿಗೆ ಒಬ್ಬ ಗಿರಾಕಿ ಬಂದ. ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡ್ ಸಹಾಯಕ. ಒಂಬತ್ತು ವರ್ಷದಿಂದ ನನ್ನ ಗಿರಾಕಿ. ಅವನ ಕರಿ ಸೈಕಲ್ಲಿನ ಯಾವ ಕಡ್ಡಿಯನ್ನು ಯಾವಾಗ ಬದಲಿಸಿದೆ ಎಂಬುದು ನನಗೆ ಬಾಯಿಪಾಠ. ಹೊಸ ಫ್ರೀವ್ಹೀಲ್ ಕೂಡಿಸಿ ಇನ್ನೂ ಆರು ತಿಂಗಳಾಗಿರಲಿಲ್ಲ. 'ಕಾಕಾ, ಇದನ್ನು ಇಟ್ಟುಕೊಳ್ಳಿ, ಬಂದಷ್ಟು ಕೊಡಿ' ಎಂದ. ಅಂದು ಬೆಳಿಗ್ಗೆ ಡ್ಯೂಟಿಗೆ ಹೊರಟಿದ್ದಾಗ ದಾರಿಯಲ್ಲಿ ಜಾಥಾ ಎದುರಾಗಿತ್ತಂತೆ. ಚಿತ್ರ ತೆಗೆಯುವವರಿಗೆ ಅಡ್ಡವಾಗುತ್ತದೆ ಎಂದು ಯಾರೋ ಅವನನ್ನು ಸೈಕಲ್ ಸಮೇತ ಬದಿಗೆ ಸರಿಸಿ ನಿಲ್ಲಿಸಿದ್ದರಂತೆ. ಅದನ್ನು ಅವನು ದೂರಿನಂತೆ ಹೇಳಲಿಲ್ಲ, ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ನಡೆಯುವವರನ್ನೂ ಸೈಕಲ್ ತುಳಿಯುವವರನ್ನೂ ಹೊಸದಾಗಿ ಹುಟ್ಟಿಸಲು ಎಲ್ಲರೂ ಹೊರಟಿದ್ದಾರೆ. ಈಗಾಗಲೇ ತುಳಿಯುತ್ತಿರುವವರು ಏಕೆ ಇಳಿಯುತ್ತಿದ್ದಾರೆ ಎಂದು ಯಾರೂ ಕೇಳಿದ ಹಾಗಿಲ್ಲ. ನಾನು ಕೇಳುತ್ತೇನೆ, ಕೇಳಿ ಬರೆದಿಡುತ್ತೇನೆ.

ಬರೆದಿಡುವ ಚಾಳಿ ಹತ್ತಿದ್ದು ಪುಣ್ಯಕ್ಕಲ್ಲ, ಭಯಕ್ಕೆ. ಏಳೆಂಟು ವರ್ಷದ ಹಿಂದೆ ಒಬ್ಬ ಹುಡುಗನಿಂದ ಹಳೆಯ ಸೈಕಲ್ ಕೊಂಡಿದ್ದೆ. ಅದು ಕದ್ದ ಮಾಲು ಎಂದು ತಿಳಿದು, ಠಾಣೆಗೆ ಮೂರು ದಿನ ಅಲೆದೆ. ಅಂದಿನಿಂದ ಕೆಂಪು ರಟ್ಟಿನ ಒಂದು ಪುಸ್ತಕ ಇಟ್ಟಿದ್ದೇನೆ. ಮಾರಲು ಬಂದವರ ಹೆಸರು, ಫ್ರೇಮಿನ ನಂಬರ್, ಸಹಿ. ಕೊನೆಯ ಮನೆಯಲ್ಲಿ 'ಕಾರಣ' ಎಂದು ಗೆರೆ ಎಳೆದುಕೊಂಡೆ. ಏಕೆ ಮಾರುತ್ತೀರಿ ಎಂದು ಕೇಳಿದರೆ ಕಳ್ಳನಾದವನು ತಡವರಿಸುತ್ತಾನೆ ಎಂಬ ಲೆಕ್ಕ. ಕಳ್ಳರು ಯಾರೂ ಸಿಕ್ಕಲಿಲ್ಲ. ಊರಿನ ಕಥೆ ಸಿಕ್ಕಿತು.

ನನ್ನ ಬಗ್ಗೆ ಎರಡು ಮಾತು. ನಮ್ಮ ತಂದೆ ಇದೇ ಗಲ್ಲಿಯಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಇಟ್ಟಿದ್ದರು. ಎಲ್ಲಕ್ಕೂ ಹಸಿರು ಬಣ್ಣ, ಹಿಂದಿನ ಮಡ್‌ಗಾರ್ಡ್ ಮೇಲೆ ಬಿಳಿ ನಂಬರ್. ರೈಲು ಇಳಿದವರಲ್ಲಿ ಹಣವುಳ್ಳವರು ಟಾಂಗಾ ಹತ್ತುತ್ತಿದ್ದರು, ಹುಮ್ಮಸ್ಸಿನವರು ನಮ್ಮ ಸೈಕಲ್ ಹತ್ತುತ್ತಿದ್ದರು. ಗೋಳಗುಮ್ಮಟದಿಂದ ಹೊರಟು ಬಾರಾಕಮಾನ್, ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ್ ತೋಪು, ತಾಜ್ ಬಾವಡಿ ಎಲ್ಲ ನೋಡಿ ಇಬ್ರಾಹಿಂ ರೋಜಾ ಮುಟ್ಟಿ ತಿರುಗಿ ಬರುವ ಹೊತ್ತಿಗೆ ನಮಗೆ ನಾಲ್ಕು ಗಂಟೆಯ ಬಾಡಿಗೆ. ಊರಿನ ಈ ತುದಿಯಿಂದ ಆ ತುದಿಗೆ ಹತ್ತಿರಹತ್ತಿರ ನಾಲ್ಕು ಕಿಲೋಮೀಟರ್. ಆದಿಲ್‌ಶಾಹಿಗಳ ಕೋಟೆಗೋಡೆಯ ಸುತ್ತಳತೆಯೇ ಹತ್ತು ಕಿಲೋಮೀಟರಿನಷ್ಟು. ಕಾಲಿಗೂ ಕುದುರೆಗೂ ಹೊಂದುವಂತೆ ಕಟ್ಟಿದ ಊರು ಇದು. ಈಗ ಊರು ಗೋಡೆ ದಾಟಿ ನಾಲ್ಕೂ ದಿಕ್ಕಿಗೆ ಹರಡಿದೆ ನಿಜ. ಆದರೂ ನಮ್ಮಲ್ಲಿ ಎಷ್ಟೋ ಜನರ ಮನೆಗೂ ಕೆಲಸಕ್ಕೂ ನಡುವೆ ಸೈಕಲ್ಲಿನ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಿನ ದಾರಿ ಇಲ್ಲ. ಬೆಳಗಾವಿಯವರಾದರೆ ಏರು-ಇಳುಕಲಿನ ನೆಪ ಹೇಳಬಹುದು, ನಮಗೆ ಆ ನೆಪವೂ ಇಲ್ಲ.

ಈಗ ಪುಸ್ತಕಕ್ಕೆ ಬರುತ್ತೇನೆ. ಅರವತ್ತು ಚಿಲ್ಲರೆ ಹೆಸರುಗಳಿವೆ. ಸೈಕಲ್ ತುಳಿಯಲು ಬೇಸರ ಎಂದು ಬರೆಸಿದವರು ಇಬ್ಬರು, ಮೂರಾದರೆ ಹೆಚ್ಚು. ಸೈಕಲ್ಲಾಗಲಿ ಬಿಡಿಭಾಗವಾಗಲಿ ದುಬಾರಿಯಾಯಿತು ಎಂದವರು ಒಬ್ಬರೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಾಗ ಗಿರಾಕಿಗಳು ಸಾಲುಗಟ್ಟುತ್ತಾರೆ ಎಂದು ನನ್ನ ಮಗ ಬಾಗಿಲಿಗೆ ಬೋರ್ಡ್ ಬರೆಸಿದ. ಬೋರ್ಡ್ ಇದೆ. ಸಾಲು ಬರಲಿಲ್ಲ.

ವಾರ್ಡ್ ಸಹಾಯಕನ ಕಾರಣವನ್ನು ಅವನು ಹೇಳಿದ ಹಾಗೆಯೇ ಬರೆದುಕೊಂಡಿದ್ದೇನೆ: 'ನಿಲ್ಲಿಸಲು ಜಾಗವಿಲ್ಲ.' ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಾರಿಗೆ ಜಾಗ, ಪಕ್ಕದಲ್ಲಿ ತಗಡಿನ ಕೆಳಗೆ ಬೈಕಿಗೆ ಜಾಗ. ಸೈಕಲ್ ತಂದರೆ ಕಾವಲಿನವನು ಗೇಟಿನ ಹೊರಗೆ ಕೈ ತೋರಿಸುತ್ತಾನೆ. ಹೊರಗೆ ಎಂದರೆ ಗಟಾರದ ಅಂಚು, ಮೇಲೆ ಬಯಲು. ಏಪ್ರಿಲ್-ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಎಂಟು ಗಂಟೆ ನಿಂತ ಸೈಕಲ್ ಏನಾಗುತ್ತದೆ ಎಂಬುದನ್ನು ನನ್ನಂಥವನೇ ಹೇಳಬೇಕು. ಟ್ಯೂಬಿಗೆ ಹಚ್ಚಿದ ಹಳೆಯ ತೇಪೆ ಸಡಿಲವಾಗುತ್ತದೆ, ಟೈರಿನ ಪಕ್ಕೆ ಒಡೆದು ನೂಲು ಕಾಣುತ್ತದೆ, ಸೀಟಿನ ಮೇಲೆ ರೊಟ್ಟಿ ಬೇಯಿಸಬಹುದು. ಒಂದು ವರ್ಷ ಬರಬೇಕಾದ ಟೈರು ಆರೇ ತಿಂಗಳಿಗೆ ಮುಗಿಯುತ್ತದೆ. ಹೋದ ವರ್ಷ ಒಂದು ರಾತ್ರಿ ಪಾಳಿ ಮುಗಿಸಿ ಬರುವಷ್ಟರಲ್ಲಿ ಸೀಟು ಇರಲಿಲ್ಲ. ಈ ವರ್ಷ ಪೆಡಲ್ ಇರಲಿಲ್ಲ. ಮನೆಯವರೆಗೆ ತಳ್ಳಿಕೊಂಡು ಹೋಗಿ, ಮರುದಿನ ನನ್ನ ಬಳಿ ತಂದಿದ್ದ. ಮೂರನೆಯ ಸಲ ಸೈಕಲ್ಲೇ ಹೋದರೆ ಎಂಬ ಅಂಜಿಕೆಯಿಂದ ಸಾಲ ಮಾಡಿ ಹಳೆಯ ಬೈಕ್ ಕೊಂಡ. ತಿಂಗಳ ಕಂತು ಎರಡು ಸಾವಿರದ ಮೇಲೆ, ಪೆಟ್ರೋಲ್ ಬೇರೆ. ಸಂಬಳ ಹನ್ನೊಂದು ಸಾವಿರ. ಮನೆ ಇರುವುದು ಆಸ್ಪತ್ರೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ. ಅದೇ ಆಸ್ಪತ್ರೆಯ ಗೋಡೆಯ ಮೇಲೆ, ದಿನಕ್ಕೆ ಅರ್ಧ ಗಂಟೆ ನಡೆಯಿರಿ, ಸೈಕಲ್ ತುಳಿಯಿರಿ, ಹೃದಯ ಕಾಪಾಡಿಕೊಳ್ಳಿ ಎಂದು ಚಿತ್ರ ಸಮೇತ ಬರೆಸಿದ್ದಾರಂತೆ.

ಬರೆಸಿದ್ದರಲ್ಲಿ ತಪ್ಪಿಲ್ಲ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಮೈ ಬೆಚ್ಚಗಾಗುವಷ್ಟು ಓಡಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮೂರು ಕಿಲೋಮೀಟರನ್ನು ಹೋಗುತ್ತ ಹದಿನೈದು, ಬರುತ್ತ ಹದಿನೈದು ನಿಮಿಷ ತುಳಿದರೆ ಐದು ದಿನಕ್ಕೆ ಲೆಕ್ಕ ಸರಿಯಾಗಿ 150. ಆ ಲೆಕ್ಕವನ್ನು ಒಂಬತ್ತು ವರ್ಷ ತಪ್ಪದೆ ಪಾಲಿಸಿದವನಿಗೆ ಸಿಕ್ಕಿದ್ದು ಗಟಾರದ ಅಂಚು.

ಇನ್ನೊಂದು ಹೆಸರು ಒಂದು ಕಚೇರಿಯ ಗುಮಾಸ್ತರದು. ಅವರ ಕಾರಣ: 'ಸಾಹೇಬರ ಚೇಷ್ಟೆ.' ಸೈಕಲ್ ಮೇಲೆ ಬಂದಾಗಲೆಲ್ಲ, ಏನ್ರೀ ಪೆಟ್ರೋಲಿಗೆ ಕೈ ಖಾಲಿಯೇ ಎಂದು ಎಲ್ಲರೆದುರು ನಗುವುದು. ಮೂರು ತಿಂಗಳು ನಕ್ಕರು, ನಾಲ್ಕನೆಯ ತಿಂಗಳು ಸೈಕಲ್ ನನ್ನ ಅಂಗಡಿಗೆ ಬಂತು. ಒಬ್ಬ ಯುವಕ 'ಹೆಣ್ಣು ಕೊಡುತ್ತಿಲ್ಲ' ಎಂದು ಬರೆಸಿದ್ದಾನೆ. ನೋಡಲು ಹೋದ ಮನೆಯಲ್ಲಿ, ಹುಡುಗನಿಗೆ ಗಾಡಿ ಇಲ್ಲವೇ ಎಂದು ಕೇಳಿದರಂತೆ. ಮದುವೆಯಾಯಿತು. ಈಗ ಹೊಟ್ಟೆ ಬಂದಿದೆ. ಸೈಕಲ್ ತಿರುಗಿ ಕೊಡುತ್ತೀರಾ ಎಂದು ಮೊನ್ನೆ ಫೋನ್ ಮಾಡಿದ್ದ; ಅಷ್ಟರಲ್ಲಿ ಅದನ್ನು ಹಾಲು ಹಾಕುವವರೊಬ್ಬರು ಒಯ್ದಿದ್ದರು.

ಪಿಯುಸಿ ಓದುವ ಹುಡುಗಿಯೊಬ್ಬಳ ಸೈಕಲ್ ತಂದವರು ಅವಳ ತಂದೆ. ಕಾರಣದ ಮನೆಯಲ್ಲಿ 'ಟಿಪ್ಪರ್' ಎಂದು ಒಂದೇ ಪದ. ಅವಳ ಸೈಕಲ್ಲಿನ ಹ್ಯಾಂಡಲ್‌ಗೆ ಟಿಪ್ಪರಿನ ಮಗ್ಗುಲು ತಾಗಿ ಬಿದ್ದಿದ್ದಳು, ಮೊಣಕೈ ಕೆತ್ತಿತ್ತು, ದೇವರು ದೊಡ್ಡವನು. ಹುಡುಗಿ ಅಂಗಡಿಯ ಹೊರಗೇ ನಿಂತಿದ್ದಳು. ಸೈಕಲ್ಲಿನ ಬುಟ್ಟಿಯನ್ನು ಮಾತ್ರ ಬಿಚ್ಚಿಸಿಕೊಂಡು ಹೋದಳು. ಈಗ ತಂದೆ ದಿನಾ ಎರಡು ಸಲ ಬೈಕ್ ಮೇಲೆ ಬಿಟ್ಟು ಕರೆತರುತ್ತಾರೆ. ಒಂದು ಸೈಕಲ್ ಹೋದ ಜಾಗಕ್ಕೆ ಬೈಕಿನ ನಾಲ್ಕು ಸುತ್ತು ಬಂತು. ರಸ್ತೆಯಲ್ಲಿ ದಟ್ಟಣೆ ಹೆಚ್ಚಿತು ಎಂದು ಆಮೇಲೆ ಎಲ್ಲರೂ ಹೌಹಾರುತ್ತೇವೆ.

ಇಲ್ಲಿ ಸರ್ಕಾರದ ಉಚಿತ ಸೈಕಲ್ ಯೋಜನೆ ನೆನಪಾಗುತ್ತದೆ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದರು. ಮೊದಮೊದಲು ನಮ್ಮ ಕಸುಬಿನವರೆಲ್ಲ ಗೊಣಗಿದೆವು. ಪುಕ್ಕಟೆ ಸಿಕ್ಕರೆ ನಮ್ಮಲ್ಲಿ ಕೊಳ್ಳುವವರು ಯಾರು ಎಂದು. ನಟ್ಟು ಬಿಗಿಯದೆ ಬಂದ ಸೈಕಲ್‌ಗಳನ್ನು ಬಿಗಿದು ಕೊಟ್ಟೇ ಆ ಕಾಲದಲ್ಲಿ ನಮ್ಮ ಮನೆ ನಡೆಯಿತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ತೊರವಿ, ಅಲಿಯಾಬಾದ್ ಕಡೆಯ ಹುಡುಗಿಯರು ಜಡೆಗೆ ರಿಬ್ಬನ್ ಕಟ್ಟಿಕೊಂಡು ಐದಾರು ಜನ ಸಾಲಾಗಿ ಬರುತ್ತಿದ್ದರು. ಕೊರೊನಾ ಕಾಲದಲ್ಲಿ ಯೋಜನೆ ನಿಂತಿತು, ಸಾಲೂ ನಿಂತಿತು. ಅದನ್ನು ಮತ್ತೆ ಆರಂಭಿಸಿ ಎಂದು ಕೇಳುವವರಲ್ಲಿ ನಾನೂ ಒಬ್ಬ. ನನಗೆ ಲಾಭವಿದೆ, ಮುಚ್ಚಿಡುವುದೇನೂ ಇಲ್ಲ.

ನಡೆಯುವವರ ಪುಸ್ತಕ ಇಡುವವರು ಯಾರೂ ಇಲ್ಲ, ಮಾರಲು ಅವರ ಬಳಿ ಏನೂ ಇಲ್ಲವಲ್ಲ. ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು 2011ರ ಜನಗಣತಿಯಲ್ಲಿ ಕೇಳಿದಾಗ, ಹೊರಗೆ ದುಡಿಯಲು ಹೋಗುವವರಲ್ಲಿ ದೇಶದಾದ್ಯಂತ ಎಲ್ಲಕ್ಕಿಂತ ಹೆಚ್ಚು ಜನ ಕೊಟ್ಟ ಉತ್ತರ ನಡೆದು ಎಂಬುದೇ. ನಮ್ಮ ಅಕ್ಕ ಅವರಲ್ಲಿ ಒಬ್ಬಳು. ಒಂದು ವಸತಿ ನಿಲಯದಲ್ಲಿ ಅಡುಗೆ ಕೆಲಸ. ಬೆಳಿಗ್ಗೆ ಐದೂವರೆಗೆ ಮನೆ ಬಿಡುತ್ತಾಳೆ. ಆ ಹೊತ್ತಿಗೆ ಬಸ್ಸಿಲ್ಲ. ಬರುವಾಗ ಶಕ್ತಿ ಯೋಜನೆಯ ಪುಣ್ಯದಿಂದ ಬಸ್ ಹತ್ತುತ್ತಾಳೆ, ಆದರೆ ನಿಲ್ದಾಣದವರೆಗೆ ನಡೆಯಲೇಬೇಕು. ಹೋದ ಮಳೆಗಾಲದಲ್ಲಿ ಕತ್ತಲಲ್ಲಿ ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಫುಟ್‌ಪಾತ್ ಇರುವ ರಸ್ತೆ ಅದು. ಫುಟ್‌ಪಾತ್ ಇರುವಾಗ ನೀನೇಕೆ ರಸ್ತೆಗೆ ಇಳಿದೆ ಎಂದು ಬೈದೆ. ಅವಳು ಸಿಟ್ಟಾಗಿ, 'ಒಂದು ದಿನ ನನ್ನ ಜೊತೆ ಬಂದು ನೋಡು' ಎಂದಳು.

ಹೋದೆ. ಜೇಬಿನಲ್ಲಿ ಅಳತೆಯ ಟೇಪು ಇಟ್ಟುಕೊಂಡು ಹೋದೆ. ನನ್ನ ಗಿರಾಕಿಯಾಗಿದ್ದ ಒಬ್ಬ ನಿವೃತ್ತ ಇಂಜಿನಿಯರ್ ಸಾಹೇಬರು ಹಿಂದೊಮ್ಮೆ ಹೇಳಿದ್ದರು: ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬುದು ರಸ್ತೆಗಳಿಗೆಲ್ಲ ಅಳತೆ ಗೊತ್ತು ಮಾಡುತ್ತದೆ, ಅದರ ಪ್ರಕಾರ ಫುಟ್‌ಪಾತಿನ ಮೇಲೆ ಏನೂ ಅಡ್ಡವಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಸಿಗಬೇಕು, ಅದರ ಅಂಚು ರಸ್ತೆಗಿಂತ 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು. ನಾನು ಅಳೆದ ಮೊದಲ ಅಂಚು 31 ಸೆಂಟಿಮೀಟರ್. ಐವತ್ತೆಂಟು ವರ್ಷದ ಹೆಂಗಸು ಸೀರೆ ಉಟ್ಟು, ಕೈಯಲ್ಲಿ ಬುತ್ತಿ ಹಿಡಿದು ಮೊಣಕಾಲಿನ ಹತ್ತಿರಕ್ಕೆ ಬರುವ ಮೆಟ್ಟಿಲು ಹತ್ತಬೇಕು. ಹತ್ತಿ ಹನ್ನೊಂದು ಹೆಜ್ಜೆಗೆ ಒಂದು ವಿದ್ಯುತ್ ಪೆಟ್ಟಿಗೆ. ಇಳಿಯಬೇಕು. ಮತ್ತೆ ಹತ್ತಿದರೆ ಒಂದು ಅಂಗಡಿಯ ಬೋರ್ಡ್, ಅದರಾಚೆ ಚಪ್ಪಡಿ ಕಿತ್ತ ಗಟಾರ, ಅದರಾಚೆ ಯಾರದೋ ಬೈಕ್‌ಗಳ ಸಾಲು. ಒಂದು ಕಡೆ ತೊಗರಿ ಒಣಗಲು ಹರವಿದ್ದರು. ಅಕ್ಕ ಅದನ್ನು ಮಾತ್ರ ಬೈಯಲಿಲ್ಲ; ಧಾನ್ಯವಲ್ಲವೇ, ಸುತ್ತು ಹಾಕಿ ಹೋದಳು. ಅರ್ಧ ಕಿಲೋಮೀಟರಿನಲ್ಲಿ ಇಪ್ಪತ್ತಮೂರು ಸಲ ಹತ್ತಿ ಇಳಿಯಬೇಕಾಯಿತು. ಆಮೇಲೆ ನಾನೇ ರಸ್ತೆಗೆ ಇಳಿದು ನಡೆದೆ. ಅವಳು ಏನೂ ಅನ್ನಲಿಲ್ಲ, ನನ್ನ ಕಡೆ ನೋಡಿದಳು ಅಷ್ಟೇ.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು ಎಂದು ಕೇಂದ್ರ ಸಾರಿಗೆ ಇಲಾಖೆಯ ವರದಿಯೇ ಹೇಳುತ್ತದೆ. ಐದರಲ್ಲಿ ಒಬ್ಬರು. ಪಾದಚಾರಿಯ ಅಜಾಗರೂಕತೆ ಎಂದು ಸುದ್ದಿಯಲ್ಲಿ ಓದುವಾಗಲೆಲ್ಲ ನನಗೆ ಆ ಇಪ್ಪತ್ತಮೂರು ನೆನಪಾಗುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತ್ ಮೇಲೆ ನಡೆಯುವುದು ಸಂವಿಧಾನದ 21ನೇ ವಿಧಿ ಕೊಟ್ಟಿರುವ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ಅಂಗವಿಕಲರೂ ಬಳಸುವಂತೆ ಫುಟ್‌ಪಾತ್ ಇರಬೇಕು, ಒತ್ತುವರಿ ತೆರವಾಗಬೇಕು ಎಂದೂ ಹೇಳಿತು. ಅಕ್ಕನಿಗೆ ಇದನ್ನು ಓದಿ ಹೇಳಿದಾಗ, 'ಕೋರ್ಟಿನವರು ಒಮ್ಮೆ ಐದೂವರೆಗೆ ಬರಲಿ' ಎಂದಳು.

ಒತ್ತುವರಿ ತೆರವು ಎಂದ ಕೂಡಲೇ ತಳ್ಳುಗಾಡಿಯವರನ್ನು ಓಡಿಸುವುದು ಎಂದು ನಮ್ಮಲ್ಲಿ ಅರ್ಥ ಮಾಡುತ್ತಾರೆ. ಅದಕ್ಕೆ ನನ್ನ ತಕರಾರಿದೆ. ಬಾಳೆಹಣ್ಣಿನ ಗಾಡಿಯವಳು ಇದ್ದುದರಿಂದಲೇ ಸಂಜೆ ಏಳರ ಮೇಲೂ ಆ ರಸ್ತೆಯಲ್ಲಿ ಹೆಣ್ಣುಮಕ್ಕಳು ಅಂಜದೆ ನಡೆಯುತ್ತಾರೆ. ಅವಳ ಗಾಡಿ ಒಂದು ಮೀಟರ್ ಸರಿದರೆ ಸಾಕು. ಸರಿಯಲು ಆಗದಿರುವುದು ವಿದ್ಯುತ್ ಪೆಟ್ಟಿಗೆ, ಅಂಗಡಿಯ ಮುಂದೆ ಕಟ್ಟಿದ ಕಾಂಕ್ರೀಟ್ ಇಳಿಜಾರು, ಮತ್ತು ದಿನವಿಡೀ ಕದಲದ ಕಾರು.

ಬಿಸಿಲಿನ ಮಾತು ಬಂದೇ ಬರುತ್ತದೆ. ವಿಜಯಪುರದ ಬಿಸಿಲಿನಲ್ಲಿ ಸೈಕಲ್ ತುಳಿಯಿರಿ ಎನ್ನುವವನಿಗೆ ತಲೆ ಸರಿಯಿಲ್ಲ ಎಂದು ನನ್ನ ಹೆಂಡತಿಯೇ ಹೇಳುತ್ತಾಳೆ. ಅದು ಪೂರ್ತಿ ಸುಳ್ಳಲ್ಲ. ಬೇಸಿಗೆಯಲ್ಲಿ ಕಲಬುರಗಿ ವಿಭಾಗಕ್ಕೂ ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೂ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಿಸುತ್ತಾರೆ. ಬರುವಾಗ ತಂಪು ಹೊತ್ತು, ಸುಖ. ಬಿಡುವಾಗ ನೆತ್ತಿಯ ಮೇಲೆ ಬೆಂಕಿ. ಆ ಎರಡು ತಿಂಗಳು ಮಧ್ಯಾಹ್ನ ತುಳಿಯಿರಿ ಎಂದು ನಾನು ಯಾರಿಗೂ ಹೇಳಲಾರೆ. ಉಳಿದ ಹತ್ತು ತಿಂಗಳ ಬಗ್ಗೆ ಹೇಳುತ್ತಿದ್ದೇನೆ. ಗಾರೆ ಕೆಲಸದವರು, ಹೋಟೆಲಿನ ಹುಡುಗರು, ಪೇಪರ್ ಹಾಕುವವರು, ಕಾವಲಿನವರು ಆ ಎರಡು ತಿಂಗಳೂ ತುಳಿಯುತ್ತಾರೆ. ಅವರಿಗೆ ಯಾರೂ ಸಮಯ ಬದಲಿಸಿ ಕೊಟ್ಟಿಲ್ಲ. ರಸ್ತೆ ಅಗಲ ಮಾಡುವಾಗ ಬೇವಿನ ಮರ ಕಡಿಯುವವರು ಒಮ್ಮೆ ಇವರಲ್ಲಿ ಒಬ್ಬನ ಹಿಂದೆ ಕ್ಯಾರಿಯರ್ ಮೇಲೆ ಕುಳಿತು ಹೋಗಬೇಕು.

ನಮ್ಮ ಜಿಲ್ಲೆಗೆ ಸೈಕಲ್ ಹೊಸದೇನೂ ಅಲ್ಲ. ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಕರ್ನಾಟಕದ ಹೆಸರು ಬಂದಾಗ ಅದರ ಹಿಂದೆ ಹೆಚ್ಚಾಗಿ ವಿಜಯಪುರ, ಬಾಗಲಕೋಟೆಯ ಹಳ್ಳಿ ಮಕ್ಕಳಿರುತ್ತಾರೆ. ಭೂತನಾಳದ ಕಡೆ ಸೈಕಲ್ ಪಂದ್ಯಕ್ಕೆಂದೇ ಕಟ್ಟಿದ ವೆಲೊಡ್ರೋಮ್ ಇದೆ. ಆ ಹುಡುಗರ ಸೈಕಲ್ ರಿಪೇರಿ ನನ್ನ ಕೈಗೆ ಮೀರಿದ್ದು. ಅದರ ಒಂದು ಟೈರಿನ ಬೆಲೆಗೆ ನನ್ನಲ್ಲಿ ಹಳೆಯ ಸೈಕಲ್ಲೊಂದು ಪೂರ್ತಿ ಬರುತ್ತದೆ. ಪದಕ ಗೆದ್ದವರಿಗೆ ನಾವು ಹಾರ ಹಾಕುತ್ತೇವೆ, ಸರಿ. ರೊಟ್ಟಿ ಬುತ್ತಿ ಕಟ್ಟಿಕೊಂಡು ಎಪಿಎಂಸಿಗೆ ಹಮಾಲಿ ಕೆಲಸಕ್ಕೆ ಹೋಗುವವರ ಹಿಂದೆ ಹಾರ್ನ್ ಹೊಡೆಯುತ್ತೇವೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳಿದರೆ ನನಗೆ ಹೊಳೆಯುವುದು ಸಣ್ಣ ಸಂಗತಿಗಳೇ. ಹತ್ತು ವರ್ಷದ ಹಿಂದೆ ಗೋಳಗುಮ್ಮಟ ನೋಡಲು ಬಂದಿದ್ದ ನೆದರ್ಲೆಂಡ್ಸಿನ ಹೆಂಗಸೊಬ್ಬಳು ನನ್ನಲ್ಲಿ ಪಂಕ್ಚರ್ ಹಾಕಿಸಿದಳು. ಜಾಲಿಮುಳ್ಳು. ಮುಳ್ಳನ್ನು ಕಾಗದದಲ್ಲಿ ಕಟ್ಟಿಕೊಂಡು ಊರಿಗೆ ಒಯ್ದಳು ಎಂಬುದು ಬೇರೆ ಮಾತು. ಟೂರಿಸ್ಟ್ ಗೈಡ್ ಒಬ್ಬರು ಮಾತು ತಿಳಿಸುತ್ತಿದ್ದರು. ನಿಮ್ಮ ಕಡೆ ಎಲ್ಲರೂ ಸೈಕಲ್ ತುಳಿಯುತ್ತಾರಂತಲ್ಲ, ಅದು ನಿಮ್ಮ ರಕ್ತದಲ್ಲೇ ಇದೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಅವಳು ಚಿಕ್ಕವಳಿದ್ದಾಗ ಅಲ್ಲಿಯೂ ಕಾರುಗಳೇ ತುಂಬಿದ್ದವಂತೆ. 1971ರ ಒಂದೇ ವರ್ಷ ರಸ್ತೆಯಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ಮಕ್ಕಳ ಕೊಲೆ ನಿಲ್ಲಿಸಿ ಎಂದು ಅಪ್ಪ-ಅಮ್ಮಂದಿರು ಬೀದಿಗೆ ಇಳಿದು ರಸ್ತೆಗೆ ಅಡ್ಡ ಕುಳಿತರು. ಸೈಕಲ್ ದಾರಿಗಳು ಬಂದಿದ್ದು ಅದಾದ ಮೇಲೆ. ಕೆಲಸಕ್ಕೆ ಸೈಕಲ್ ಮೇಲೆ ಬಂದರೂ ಮಾಲೀಕರು ಕಿಲೋಮೀಟರ್ ಲೆಕ್ಕದಲ್ಲಿ ತೆರಿಗೆ ಇಲ್ಲದ ಭತ್ಯೆ ಕೊಡಲು ಅಲ್ಲಿ ಅವಕಾಶವಿದೆಯಂತೆ.

ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಅಂಚೆಯಣ್ಣನಿಗೆ ಸರ್ಕಾರ ಸೈಕಲ್ ಭತ್ಯೆ ಕೊಡುತ್ತದೆ. ಏಳನೇ ವೇತನ ಆಯೋಗದ ನಂತರ ಅದು ತಿಂಗಳಿಗೆ 90 ರೂಪಾಯಿಯಿಂದ 180 ರೂಪಾಯಿ ಆಯಿತು. ದೊಡ್ಡ ಮೊತ್ತವಲ್ಲ, ಎರಡು ಪಂಕ್ಚರ್, ಚೂರು ಎಣ್ಣೆ, ವರ್ಷಕ್ಕೊಂದು ಟೈರು. ಆದರೆ ಆ ಹಣ ಜೇಬಿನಲ್ಲಿದ್ದಾಗ ಅಂಚೆಯಣ್ಣ ನನ್ನಲ್ಲಿ ಚೌಕಾಸಿ ಮಾಡುವುದಿಲ್ಲ, ಬ್ರೇಕಿನ ರಬ್ಬರ್ ಸವೆಯುವವರೆಗೆ ಕಾಯುವುದಿಲ್ಲ. ನಗರದ ಆಸ್ಪತ್ರೆ, ಕಾಲೇಜು, ಬಟ್ಟೆ ಅಂಗಡಿ, ಬ್ಯಾಂಕುಗಳ ಯಜಮಾನರು ಸೈಕಲ್ ಮೇಲೆ ಬರುವ ನೌಕರರಿಗೆ ಇಷ್ಟನ್ನು ಕೊಟ್ಟರೆ ಅವರ ಗಲ್ಲಾಪೆಟ್ಟಿಗೆ ಬರಿದಾಗದು. ಭತ್ಯೆ ಬೇಡವೆಂದರೆ ತಗಡಾದರೂ ಹಾಕಿಸಲಿ. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ. ನಾನು ಅಂಗಡಿ ಮುಂದೆ ನಿಲ್ಲಿಸಿ ನೋಡಿದ್ದೇನೆ. ಕಬ್ಬಿಣದ ಪೈಪನ್ನು ಬಗ್ಗಿಸಿ ನೆಲಕ್ಕೆ ಹೂಳಿದರೆ ಫ್ರೇಮನ್ನು ಸರಪಳಿಯಿಂದ ಕಟ್ಟಲು ಬರುತ್ತದೆ. ಮುಂದಿನ ಚಕ್ರವನ್ನು ಮಾತ್ರ ಸಿಕ್ಕಿಸುವ ಆ ತಂತಿಯ ಸ್ಟ್ಯಾಂಡ್ ಮಾತ್ರ ಹಾಕಿಸಬೇಡಿ, ಅದರಲ್ಲಿ ರಿಮ್ ಸೊಟ್ಟಗಾಗುತ್ತದೆ, ಕಳ್ಳ ಚಕ್ರ ಬಿಟ್ಟು ಉಳಿದದ್ದನ್ನು ಒಯ್ಯುತ್ತಾನೆ. ಮುಖ ತೊಳೆಯಲು ಒಂದು ನಲ್ಲಿ, ಅಂಗಿ ಬದಲಿಸಲು ಒಂದು ಕೋಣೆಯ ಮೂಲೆ. ಇನ್ನು ಸಾಹೇಬರ ಚೇಷ್ಟೆಗೆ ನನ್ನ ಬಳಿ ಮದ್ದಿಲ್ಲ. ಅವರೇ ವಾರಕ್ಕೊಂದು ದಿನ ಸೈಕಲ್ ಹತ್ತಿದರೆ ನಗುವ ದಿಕ್ಕು ಬದಲಾಗಬಹುದು.

ಸೈಕಲ್ ಭಾರ, ಮೊಣಕಾಲು ನೋವು ಎನ್ನುವವರಿಗೂ ಒಂದು ಮಾತು. ಅರ್ಧ ಜನರ ಸೈಕಲ್ ಭಾರವಾಗಿರುವುದು ಟೈರಿನಲ್ಲಿ ಹವಾ ಇಲ್ಲದ್ದರಿಂದ. ವಾರಕ್ಕೊಮ್ಮೆ ಹವಾ ನೋಡಬೇಕು. ಹೆಬ್ಬೆರಳಿನಿಂದ ಒತ್ತಿದರೆ ಟೈರು ತಗ್ಗಬಾರದು. ಉಳಿದ ಅರ್ಧ ಜನ ಸೀಟನ್ನು ತೀರ ಕೆಳಗೆ ಇಟ್ಟಿರುತ್ತಾರೆ, ಬಿದ್ದರೆ ಎರಡೂ ಕಾಲು ನೆಲಕ್ಕೆ ಊರಲಿ ಎಂಬ ಅಂಜಿಕೆಗೆ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲ್ ಮೇಲೆ ಇಟ್ಟು ಪೆಡಲನ್ನು ಕೆಳಗೆ ತಂದಾಗ ಕಾಲು ಪೂರ್ತಿ ನೆಟ್ಟಗಾಗಬೇಕು. ಆಮೇಲೆ ಅಂಗಾಲಿನ ಮುಂಭಾಗದಿಂದ ತುಳಿದರೆ ಮೊಣಕಾಲು ಬೇಕಾದಷ್ಟೇ ಮಡಚುತ್ತದೆ. ಮೂವತ್ತು ವರ್ಷದಲ್ಲಿ ಎಷ್ಟು ಜನರ ಮೊಣಕಾಲು ನೋವನ್ನು ಒಂದು ಪಾನಾದಿಂದ ವಾಸಿ ಮಾಡಿದ್ದೇನೋ ಲೆಕ್ಕವಿಲ್ಲ. ಫೀಸು ಮಾತ್ರ ಐದು ರೂಪಾಯಿ.

ಪತ್ರ ಉದ್ದವಾಯಿತು, ಕತ್ತರಿಸುವುದಾದರೆ ನನ್ನ ತಂದೆಯ ಕಥೆಯನ್ನು ಕತ್ತರಿಸಿ, ಅಕ್ಕನದನ್ನು ಬಿಡಿ. ಮುಂದಿನ ಜೂನ್ 3ಕ್ಕೆ ನನ್ನನ್ನು ಮತ್ತೆ ಕರೆಯುತ್ತಾರೆ, ಗೊತ್ತು. ಅದಕ್ಕೆ ಮೊದಲು ನನ್ನ ಕಡೆಯಿಂದ ಒಂದು ಮಾತು ಕೊಡುತ್ತೇನೆ. ವಿಜಯಪುರದ ಯಾವುದೇ ಕಚೇರಿ, ಆಸ್ಪತ್ರೆ, ಅಂಗಡಿಯವರು ತಮ್ಮ ನೌಕರರಿಗಾಗಿ ಹತ್ತು ಸೈಕಲ್ ನಿಲ್ಲುವಷ್ಟು ನೆರಳು ಮಾಡಿದರೆ, ಸೋಮವಾರ ಬೆಳಿಗ್ಗೆ ಪಂಪು, ಪಾನಾ, ಎಣ್ಣೆ ಡಬ್ಬಿ ತೆಗೆದುಕೊಂಡು ನಾನೇ ಬರುತ್ತೇನೆ. ಆ ಹತ್ತು ಸೈಕಲ್‌ಗಳಿಗೆ ಹವಾ ಹೊಡೆದು, ಸೀಟು ಎತ್ತರಿಸಿ, ಬ್ರೇಕ್ ಬಿಗಿದು ಕೊಡುತ್ತೇನೆ. ಕೂಲಿ ಬೇಡ, ಚಹಾ ಸಾಕು. ವಾರ್ಡ್ ಸಹಾಯಕನ ಕರಿ ಸೈಕಲ್ಲನ್ನು ಇನ್ನೂ ಮಾರಿಲ್ಲ, ಅಂಗಡಿಯ ಹಿಂದಿನ ಗೋಡೆಗೆ ತೂಗು ಹಾಕಿದ್ದೇನೆ. ಬೇಕಾದವರು ಸ್ಟೇಷನ್ ರಸ್ತೆಯ ಕಡೆ ಬಂದು ಸೈಕಲ್ ಕಾಕಾನ ಅಂಗಡಿ ಯಾವುದು ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಅಮಾವಾಸ್ಯೆಯ ದಿನ ಮಾತ್ರ ಬಾಗಿಲು ಹಾಕಿರುತ್ತದೆ.

ಇಂತಿ ತಮ್ಮ ಓದುಗ,
ಒಬ್ಬ ಸೈಕಲ್ ಮಿಸ್ತ್ರಿ, ವಿಜಯಪುರ